ಚಂದ್ರದ್ರೋಣದ ತಪ್ಪಲಲ್ಲಿ ಒಂದು ಬಟ್ಟಲು ಕಾಫಿ

ಚಿಕ್ಕಮಗಳೂರಿನಿಂದ ಹೊರಟ ಹಾದಿ ಕೈಮರವನ್ನು ದಾಟಿದೊಡನೆಯೇ ಸುತ್ತಿ ಸುತ್ತಿ ಮೇಲೇರತೊಡಗುತ್ತದೆ. ಅರ್ಧಚಂದ್ರಾಕೃತಿಯಲ್ಲಿ ಬಾಗಿ ನಿಂತ ಈ ಗಿರಿಶ್ರೇಣಿಗೆ ಚಂದ್ರದ್ರೋಣವೆಂಬ ಹೆಸರಿಟ್ಟ ಹಿರಿಯರು ಕವಿಗಳೇ ಇರಬೇಕು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಮಂಜಿನಲ್ಲಿ ಒಮ್ಮೆ ಕಾಣಿಸಿ ಮತ್ತೊಮ್ಮೆ ಮರೆಯಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನ್ನಿನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಇಲ್ಲಿ ಬಿತ್ತಿದರೆಂಬುದು ಐತಿಹ್ಯ. ಬೀಜಗಳು ಏಳೋ ಎಂಟೋ ಎಂಬ ವಾದವನ್ನು ಪಂಡಿತರಿಗೆ ಬಿಡೋಣ; ಮಣ್ಣಂತೂ ಅವನ್ನು ಬಂಧುಗಳಂತೆ ಬರಮಾಡಿಕೊಂಡಿತು.

ನಾನು ಹೋದದ್ದು ಜನವರಿಯಲ್ಲಿ, ಕೊಯ್ಲು ಮುಗಿಯುತ್ತ ಬಂದ ಕಾಲ. ಆತಿಥೇಯರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. ಕಣದ ತುಂಬ ಪಲ್ಪರಿನಿಂದ ಹೊರಬಂದ ಬೀಜಗಳು ಹೊನ್ನಬಣ್ಣದ ತೊಗಟೆಯೊಳಗೆ ಬಿಸಿಲು ಕಾಯುತ್ತಿದ್ದವು. ಆದರೆ ಕಣದ ಅಂಚಿನಲ್ಲಿದ್ದ ಇನ್ನೊಂದು ರಾಶಿ ಕಣ್ಣಿಗೆ ಹಿತವಾಗಿರಲಿಲ್ಲ. ಅದು ಕಿತ್ತು ಹಾಕಿದ ಕಾಫಿ ಗಿಡಗಳದು. ಬಿಳಿ ಕಾಂಡಕೊರಕವೆಂಬ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ನೆರಳು ತೆಳುವಾದೆಡೆ ಅದರ ಹಾವಳಿ ಹೆಚ್ಚು. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡುವುದೇ ರೂಢಿಯ ಉಪಾಯ. ಈ ಬಾಧೆ ಅರೇಬಿಕಾ ಜಾತಿಗೆ. ರೊಬಸ್ಟಾ ಬಹುಮಟ್ಟಿಗೆ ಪಾರಾಗುತ್ತದೆ. ಆದುದರಿಂದಲೇ ಕೆಳಗಿನ ತೋಟದಲ್ಲಿ ಆಗಲೇ ರೊಬಸ್ಟಾ ನೆಟ್ಟಾಗಿತ್ತು. ಉಳಿದದ್ದು ಮೇಲಿನ ತೋಟ. ಅಲ್ಲಿದ್ದದ್ದು ಇವರ ತಂದೆ ನೆಟ್ಟ ಎಸ್. 795, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ನಾಡಿಗಿತ್ತ ತಳಿ.

“ಮಕ್ಕಳಿಗೆ ತೋಟ ಬಿಟ್ಟುಹೋಗಬೇಕೋ ಸೌದೆ ಬಿಟ್ಟುಹೋಗಬೇಕೋ, ನೀವೇ ಹೇಳಿ ಮೇಷ್ಟ್ರೇ,” ಎಂದರು. ಕನ್ನಡ ಎಂ. ಎ. ಪದವಿಯಲ್ಲಿ ಇದಕ್ಕೆ ಉತ್ತರವಿಲ್ಲ.

ಮರುದಿನ ಬೆಳಗ್ಗೆ ಮಗ ಬೆಂಗಳೂರಿನಿಂದ ತಂದಿದ್ದ ಪಿಂಗಾಣಿಯ ಆಲಿಕೆಯನ್ನೂ ಸೋಸುಕಾಗದವನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಜೋಡಿಸಿದ. ಈ ವಿಧಾನಕ್ಕೆ ಮೂಲಳಾದವಳೂ ಒಬ್ಬ ಗೃಹಿಣಿಯೇ: 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟ್ಟಾ ಬೆಂಟ್ಸ್. ಚರಟದ ಕಹಿಗೆ ಬೇಸತ್ತು ಹಿತ್ತಾಳೆಯ ಪಾತ್ರೆಗೆ ತೂತು ಕೊರೆದು, ಮಗನ ಶಾಲಾಪುಸ್ತಕದ ಒತ್ತುಕಾಗದವನ್ನು ಅದರಲ್ಲಿ ಹಾಸಿ ಕಾಫಿ ಸೋಸಿದಳಂತೆ. ನಮ್ಮ ಹಿತ್ತಾಳೆಯ ಫಿಲ್ಟರಿಗೂ ಇದಕ್ಕೂ ದಾಯಾದಿ ಸಂಬಂಧ. ಫಿಲ್ಟರು ಗಟ್ಟಿ ಕಷಾಯವನ್ನು ತೊಟ್ಟುತೊಟ್ಟಾಗಿ ಇಳಿಸಿ ಹಾಲಿಗೆ ಒಪ್ಪಿಸುತ್ತದೆ. ಇದು ಹಾಲಿನ ಆಸರೆಯಿಲ್ಲದೆ ನಿಲ್ಲಬೇಕು.

ಹುಡುಗ ಮೇಲಿನ ತೋಟದ ಬೀಜವನ್ನು ಹದವಾಗಿ ಹುರಿದಿದ್ದ. ಹದಿನೈದು ಗ್ರಾಂ ಬೀಜವನ್ನು ಸಣ್ಣ ರವೆಯಂತೆ ಬೀಸಿಕೊಂಡು, ಕಾಗದವನ್ನು ಬಿಸಿನೀರಿನಿಂದ ತೊಳೆದು, ಪುಡಿಯನ್ನು ಸಮವಾಗಿ ಹರಡಿದ. ಸಮುದ್ರಮಟ್ಟದಿಂದ ಮೇಲೇರಿದಂತೆ ನೀರು ಕುದಿಯುವ ಶಾಖ ಇಳಿಯುತ್ತದೆ. ಆ ಎತ್ತರದಲ್ಲಿ ಅದು ತೊಂಬತ್ತಾರು ಡಿಗ್ರಿಯ ಆಸುಪಾಸು. ಒಲೆಯಿಂದ ಇಳಿಸಿ ಕೊಂಚ ತಡೆದರೆ ಕಾಫಿಗೆ ಬೇಕಾದ ಹದವೇ ಸಿಕ್ಕಿತು. ಮೊದಲು ಪುಡಿ ನೆನೆಯುವಷ್ಟೇ ನೀರು. ಹೊಸದಾಗಿ ಹುರಿದ ಪುಡಿಯೊಳಗಿನ ಅನಿಲ ಹೊರಟು, ಅದು ಉಸಿರೆಳೆದಂತೆ ಉಬ್ಬಿತು. ಅರ್ಧ ನಿಮಿಷ ಕಾದು, ನಡುವಿನಿಂದ ಅಂಚಿಗೆ ಸುತ್ತುತ್ತ ಸಣ್ಣ ಧಾರೆಯಲ್ಲಿ ಒಟ್ಟು ಇನ್ನೂರೈವತ್ತು ಗ್ರಾಂ ನೀರನ್ನು ಮೂರು ನಿಮಿಷದಲ್ಲಿ ಇಳಿಸಿದ. ಧಾರೆ ಅವಸರದ್ದಾದರೆ ರುಚಿ ಪೇಲವ, ತೀರ ತಡವಾದರೆ ಕಹಿ.

ಬಟ್ಟಲನ್ನು ಮೊದಲು ತಾಯಿಯ ಮುಂದಿಟ್ಟ. ನಲವತ್ತು ವರ್ಷ ಕಾಫಿತೋಟದಲ್ಲಿ ಬಾಳಿದ ಆಕೆ ತಮ್ಮದೇ ತೋಟದ ಒಳ್ಳೆಯ ಬೀಜದ ಕಾಫಿಯನ್ನು ಅದುವರೆಗೆ ಕುಡಿದಿರಲಿಲ್ಲ! ಆಯ್ದ ಬೀಜವೆಲ್ಲ ವರ್ಷವರ್ಷವೂ ಮೂಟೆಯಲ್ಲಿ ಮಾರಾಟಕ್ಕೆ. ಮನೆಗೆ ಗಿಡದ ಬುಡದಲ್ಲಿ ಉದುರಿ ಹೆಕ್ಕಿದ್ದು, ಮೇಲೆ ಒಂದಿಷ್ಟು ಚಿಕೋರಿ. ಬೆಳೆಗಾರರ ಎಷ್ಟೋ ಮನೆಗಳ ಕತೆ ಇದೇ ಎಂದು ಆಮೇಲೆ ತಿಳಿಯಿತು.

ಆಕೆ ಒಂದು ಗುಟುಕು ಹೀರಿದರು. ಮತ್ತೊಂದು ಗುಟುಕು ಹೀರಿದರು.

“ಇದರಲ್ಲಿ ಕಿತ್ತಳೆ ಸಿಪ್ಪೆ ಹಾಕಿದೀಯೇನೋ?”

“ಇಲ್ಲಮ್ಮ. ನಮ್ಮ ಮೇಲಿನ ತೋಟದ್ದು, ಅಷ್ಟೇ.”

ಆಕೆ ಗಂಡನ ಕಡೆ ನೋಡಿದರು. ಬಟ್ಟಲು ಅವರ ಕೈಗೆ ಹೋಯಿತು. ಅವರು ಕುಡಿದು ಏನನ್ನೂ ಹೇಳಲಿಲ್ಲ. ಜಗಲಿಗೆ ಹೋಗಿ ಮೇಸ್ತ್ರಿಯನ್ನು ಕರೆದರು. ಮೇಲಿನ ತೋಟದಲ್ಲಿ ಹುಳು ಹೊಕ್ಕ ಗಿಡಗಳನ್ನು ಮಾತ್ರ ಕೀಳುವುದು, ಬಿಸಿಲು ಬೀಳುವೆಡೆ ಮಳೆಗಾಲಕ್ಕೆ ನೆರಳಿನ ಸಸಿ ನೆಡುವುದು, ಉಳಿದ ಸಾಲುಗಳ ತಂಟೆಗೆ ಈ ವರ್ಷ ಹೋಗಕೂಡದು ಎಂದು ಅಪ್ಪಣೆಯಾಯಿತು.

ಒಳಗೆ ಅಮ್ಮನವರು ಉಳಿದರ್ಧ ಬಟ್ಟಲಿಗೆ ಹಾಲು ಬೆರೆಸುತ್ತಿದ್ದರು. ಮಗ ತಡೆಯಲು ಹೋಗಿ ಸುಮ್ಮನಾದ.