ಜೇನಿಗೊಂದು ಮನೆ

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗಿನ ಪಿಡುಗು ಇಕ್ಕಟ್ಟಾದ ಹಳೆಯ ಪೇಟೆಗಳನ್ನು ಕಾಡಿದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಜನರಿಗೆ ಆಶ್ರಯವಾದವು. ಅಗಲವಾದ ಬೀದಿಗಳೂ ಗಿಡಮರಗಳಿಂದ ಕೂಡಿದ ಹಿತ್ತಲುಗಳೂ ಅಲ್ಲಿ ತಲೆಯೆತ್ತಿದವು. ಈ ಆಶ್ರಯ ಮನುಷ್ಯರಿಗೆ ಮಾತ್ರ ಮೀಸಲಾಗಲಿಲ್ಲ. ಕಲ್ಲುಗೋಡೆಯ ಸಂದಿನಲ್ಲಿ, ಮರದ ಪೊಟರೆಯಲ್ಲಿ ತುಡುವೆ ಜೇನೂ ಸಂಸಾರ ಹೂಡಿತು. ಹೆಜ್ಜೇನು ಎತ್ತರದ ಕೊಂಬೆಗೆ ಬಯಲಿನಲ್ಲೇ ಒಂದು ಎರಿಯನ್ನು ಕಟ್ಟುತ್ತದೆ. ತುಡುವೆಯಾದರೋ ಕತ್ತಲೆಯ ಗೂಡಿನೊಳಗೆ ಒಂದರ ಪಕ್ಕದಲ್ಲೊಂದು ಹಲವು ಎರಿಗಳನ್ನು ಕಟ್ಟುತ್ತದೆ. ಆದುದರಿಂದಲೇ ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಸಾಧ್ಯವಾಗಿದೆ.

ಹೂವು ಹೇರಳವಾದ ಕಾಲದಲ್ಲಿ ಜೇನಿನ ಕುಟುಂಬ ಬೆಳೆದು ಗೂಡು ಸಾಲದಾಗುತ್ತದೆ. ಹೊಸ ರಾಣಿಗಾಗಿ ಕೋಶಗಳು ಸಿದ್ಧವಾಗುತ್ತವೆ. ಆಗ ಹಳೆಯ ರಾಣಿಯೇ ತುಂಬಿದ ಮನೆಯನ್ನು ಮಗಳಿಗೆ ಬಿಟ್ಟು, ಸಾವಿರಾರು ಕೆಲಸಗಾರ ಜೇನುಗಳೊಡನೆ ಹೊರಬೀಳುತ್ತದೆ. ಇದನ್ನು ಜೇನು ಪಾಲಾಗುವುದು ಎನ್ನುವರು. ಹೊರಬಿದ್ದ ಹಿಂಡು ಸಮೀಪದ ಕೊಂಬೆಯಲ್ಲಿ ಗೊಂಚಲಾಗಿ ತಂಗುತ್ತದೆ. ಅದನ್ನು ಕಂಡವರಿಗೆ ಭಯವಾಗುವುದು ಸಹಜ. ಆದರೆ ಹೊಟ್ಟೆ ತುಂಬ ಜೇನುಂಡು ಹೊರಟ, ಕಾಯಬೇಕಾದ ಮನೆಯೇ ಇಲ್ಲದ ಆ ಹಿಂಡು ಕೆಣಕದಿದ್ದರೆ ಸಾಮಾನ್ಯವಾಗಿ ಯಾರನ್ನೂ ಕುಟುಕುವುದಿಲ್ಲ.

ಮನೆ ಹುಡುಕುವ ಕೆಲಸ ಕೆಲವು ಅನುಭವಿ ಜೇನುಗಳದು. 1949ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾರ್ಟಿನ್ ಲಿಂಡೌವರ್ ಎಂಬ ವಿಜ್ಞಾನಿ ಒಂದು ಹಿಂಡಿನ ಮೇಲೆ ಕುಣಿಯುತ್ತಿದ್ದ ಜೇನುಗಳನ್ನು ಕಂಡನು. ಅವುಗಳ ಮೈಗೆ ಪರಾಗದ ಬದಲು ಮಸಿಯೂ ಇಟ್ಟಿಗೆಯ ಧೂಳೂ ಮೆತ್ತಿಕೊಂಡಿದ್ದವು. ಯುದ್ಧದಲ್ಲಿ ಹಾಳಾದ ಕಟ್ಟಡಗಳ ಸಂದುಗೊಂದುಗಳನ್ನು ಪರೀಕ್ಷಿಸಿ ಬಂದ ಆ ಜೇನುಗಳು, ತಾವು ಕಂಡ ತಾಣದ ದಿಕ್ಕನ್ನೂ ದೂರವನ್ನೂ ಕುಣಿತದಿಂದ ತಿಳಿಸುತ್ತಿದ್ದವು. ಬೇರೆ ಬೇರೆ ತಾಣಗಳ ಪರವಾಗಿ ಕುಣಿತ ನಡೆದು, ಕಡೆಗೆ ಒಂದಕ್ಕೆ ಒಮ್ಮತ ದೊರೆತ ಮೇಲೆಯೇ ಹಿಂಡು ಹಾರುತ್ತದೆ. ಈ ನಿರ್ಣಯದಲ್ಲಿ ರಾಣಿಯ ಆಜ್ಞೆಯೆಂಬುದಿಲ್ಲ.

ಹೀಗೆ ಆರಿಸಿಕೊಳ್ಳುವ ಜೀವಿಯನ್ನು ಬಲವಂತದಿಂದ ಕರೆತರುವುದಕ್ಕಿಂತ ಅದು ಮೆಚ್ಚುವಂತಹ ಮನೆಯನ್ನು ಸಿದ್ಧಪಡಿಸಿ ಕಾಯುವುದು ಲೇಸು. ಪೆಟ್ಟಿಗೆಯ ಮರ ಚೆನ್ನಾಗಿ ಒಣಗಿರಬೇಕು. ಬಣ್ಣದ ವಾಸನೆ ಇರಕೂಡದು. ಬಿರುಕುಗಳನ್ನು ಮುಚ್ಚಿ, ಒಂದು ಕಿರಿದಾದ ಬಾಗಿಲನ್ನು ಮಾತ್ರ ಬಿಡಬೇಕು. ಒಳಗಿನ ಹಲಗೆಗಳಿಗೆ ಶುದ್ಧವಾದ ಜೇನುಮೇಣವನ್ನು ಸವರಿದರೆ ಹುಡುಕಾಟಕ್ಕೆ ಬಂದ ಜೇನಿಗೆ ಅದರ ಪರಿಮಳವೇ ಆಹ್ವಾನವಾಗುತ್ತದೆ. ಪೆಟ್ಟಿಗೆಗೆ ಮಧ್ಯಾಹ್ನದ ಬಿಸಿಲು ತಾಗಬಾರದು. ಅದನ್ನಿರಿಸಿದ ಪೀಠದ ಕಾಲುಗಳು ನೀರಿನ ಬಟ್ಟಲುಗಳಲ್ಲಿದ್ದರೆ ಇರುವೆಗಳು ಏರಲಾರವು. ರೋಗದಿಂದ ಸತ್ತ ಕುಟುಂಬದ ಎರಿಯನ್ನು ಆಸೆಯಿಂದಲೂ ಒಳಗಿಡಬಾರದು.

ಈ ಕೊನೆಯ ಎಚ್ಚರದ ಹಿಂದೆ ಕಹಿಯಾದ ಅನುಭವವಿದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹರಡಿ, ಪೆಟ್ಟಿಗೆಗಳಲ್ಲಿದ್ದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಜೇನುಸಾಕಣೆಗೆ ಹೆಸರಾದ ಕೊಡಗಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಪೆಟ್ಟಿಗೆಗಳು ಬರಿದಾದವು. ರೋಗವನ್ನು ತಾಳಿ ಉಳಿದ ಕುಟುಂಬಗಳಿಂದಲೇ ಆ ಕಸುಬು ಮತ್ತೆ ಚಿಗುರಬೇಕಾಯಿತು. ಪೊಟರೆಯಲ್ಲಿಯೋ ಗೋಡೆಯ ಸಂದಿನಲ್ಲಿಯೋ ಯಾರ ಹಂಗೂ ಇಲ್ಲದೆ ಬಾಳುವ ಒಂದು ಕುಟುಂಬದ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಇಂದು ಬೆಂಗಳೂರಿನ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ, ಹಿತ್ತಲುಗಳು ಕಾಣೆಯಾಗುತ್ತಿವೆ. ನುಣುಪಾದ ಹೊಸ ಗೋಡೆಗಳಲ್ಲಿ ಜೇನಿಗೆ ಸಂದಿಲ್ಲ. ದಿಕ್ಕುಗಾಣದ ಹಿಂಡು ಕಿಟಕಿಯ ಬಳಿ ತಂಗಿದರೆ ಕೆಲವರು ವಿಷ ಸಿಂಪಡಿಸುವವರನ್ನು ಕರೆಸುತ್ತಾರೆ. ಎರಡು ದಿನ ತಾಳ್ಮೆಯಿಂದಿದ್ದರೆ ಅದು ತಾನಾಗಿಯೇ ಹೊರಟುಹೋಗಬಹುದು. ಇಲ್ಲವೇ ಬಲ್ಲವರು ಬಂದು ಪೆಟ್ಟಿಗೆಗೆ ಸೇರಿಸಬಹುದು.

ತಾರಸಿಯ ನೆರಳಿನಲ್ಲಿರಿಸಿದ ಖಾಲಿ ಪೆಟ್ಟಿಗೆಗೆ ಈ ವರ್ಷವೇ ಜೇನು ಬರುವುದೆಂಬ ಭರವಸೆಯಿಲ್ಲ. ಬಂದರೂ, ಇರುವೆಯ ಕಾಟವೋ ಮನುಷ್ಯನ ದುರಾಸೆಯೋ ಹೆಚ್ಚಿದರೆ ತುಡುವೆ ಗೂಡು ತೊರೆದು ಹೋಗುತ್ತದೆ. ಅದರ ಬಾಗಿಲಿಗೆ ಬೀಗ ಹಾಕಿ ಯಾರೂ ಜೇನು ಸಾಕಲಾರರು. ಜೇನು ಸಾಕುವವನು ಒಡೆಯನಲ್ಲ, ಆತಿಥೇಯ. ಅತಿಥಿಯ ಮನಸ್ಸನ್ನರಿತು ನಡೆಯುವುದೇ ಅವನ ವಿದ್ಯೆ.