ಸದ್ದಡಗುವ ಗಳಿಗೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೆ ನಾನು ಹೋಗುವುದು ದರ್ಶನಕ್ಕಿಂತ ಒಂದು ಮೌನಕ್ಕಾಗಿ. ಭರತ ಹುಣ್ಣಿಮೆ ಕಳೆದ ಮೇಲೆ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ. ಚಕ್ಕಡಿ, ಟ್ರ್ಯಾಕ್ಟರು, ಭಂಡಾರದ ಧೂಳು, ಡಮರುಗ, ‘ಏಳು ಕೋಟಿಗೋ’ ಎಂಬ ಕೂಗು. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದದ್ದೇ ತಡ, ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ಕಾರ್ಣಿಕ ನುಡಿದು ಅವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ.

ಆಮೇಲೆ ಶುರು, ಅರ್ಥ ಬಿಡಿಸುವ ಗದ್ದಲ. ಟೀವಿಯವರಿಗೆ ಅದರಲ್ಲಿ ಮುಖ್ಯಮಂತ್ರಿ ಕಾಣುತ್ತಾರೆ (ಪ್ರತಿವರ್ಷವೂ!). ನನ್ನ ಪಕ್ಕ ನಿಂತಿದ್ದ ಹರಪನಹಳ್ಳಿ ಕಡೆಯ ರೈತರಿಗೆ ಕಂಡದ್ದು ಮಳೆ. ಸಾಲ ಮಾಡಿ ತಂದ ಬೀಜ ಹೋದ ವರ್ಷ ಮೊಳಕೆಯಲ್ಲೇ ಒಣಗಿತ್ತಂತೆ. “ಈ ಸಲ ಮೆಕ್ಕೆಜೋಳ ಬಿಟ್ಟು ಸಜ್ಜಿ ಹಾಕ್ತೀನ್ರಿ” ಎಂದರು. ನನಗೆ ಕಾರ್ಣಿಕದಲ್ಲಿ ನಂಬಿಕೆ ಕಡಿಮೆ. ಆದರೂ ವಾದಿಸಲಿಲ್ಲ, ಅವರ ಜೊತೆ ನಾನೂ ಮುಗಿಲು ನೋಡಿದೆ. ಅವರು ಮಂಡಕ್ಕಿ ಕಟ್ಟಿಸಿಕೊಂಡು ಚಕ್ಕಡಿ ಹತ್ತಿದರು.