ಮನೆ ಮಾರುವ ಮುನ್ನ ನಾಲ್ಕು ತಾಲ್ಲೂಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ — ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಸರ್ಕಾರದ ಕಡತದಲ್ಲಿ ಇದೊಂದು ಆಡಳಿತದ ಎಲ್ಲೆ. ಈ ಸೀಮೆಯ ಕುಟುಂಬಗಳಿಗೆ ಹೆಣ್ಣು ಕೊಟ್ಟು ಹೆಣ್ಣು ತಂದ ನೆಂಟಸ್ತಿಕೆಯ ಎಲ್ಲೆ. ನಮ್ಮ ತಾತನವರು ತಮ್ಮ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯರನ್ನು ಕೊರಟಗೆರೆಯ ಕಡೆಗೆ, ನಡುವಿನವರನ್ನು ಶಿರಾ ಸೀಮೆಗೆ, ಕಿರಿಯರನ್ನು ಪಾವಗಡಕ್ಕೆ ಕೊಟ್ಟಿದ್ದರು. ಒಬ್ಬನೇ ಮಗನಾದ ನಮ್ಮ ತಂದೆಯವರು ಮಧುಗಿರಿಗೆ ಎರಡು ಹರದಾರಿ ದೂರದ ಊರಿನಲ್ಲಿ, ತಾತ ಕಟ್ಟಿಸಿದ ಮನೆಯಲ್ಲಿಯೇ ಬಾಳಿ ಕಣ್ಮುಚ್ಚಿದರು. ತಾಯಿಯೂ ಹೋದ ಮೇಲೆ ಆ ಮನೆಗೆ ಬೀಗ ಬಿತ್ತು. ಅದನ್ನು ಮಾರಬೇಕೆಂದು ಅಣ್ಣ, ತಮ್ಮ, ತಂಗಿ ಮೂವರೂ ಕೂಡಿ ನಿಶ್ಚಯಿಸಿದ ಮೇಲೆಯೇ ಈ ನಾಲ್ಕು ತಾಲ್ಲೂಕುಗಳನ್ನು ನಾವು ಸರಿಯಾಗಿ ಸುತ್ತಿದ್ದು.

ಮನೆಯನ್ನು ಮಾರಾಟಕ್ಕೆ ಅಣಿಗೊಳಿಸುವುದೆಂದರೆ ಕಸ ತೆಗೆದು, ಸುಣ್ಣ ಬಳಿಸಿ, ಮುರಿದ ಹಂಚು ಹಾಕಿಸುವುದಷ್ಟೇ ಎಂದು ನಾವು ಭಾವಿಸಿದ್ದೆವು. ಮಧುಗಿರಿಯ ಏಕಶಿಲಾ ಬೆಟ್ಟ ಹಿತ್ತಲಿನಿಂದ ನಿಚ್ಚಳವಾಗಿ ಕಾಣುವ ಮನೆ ಅದು. ಮೊಳದಗಲದ ಮಣ್ಣಿನ ಗೋಡೆ, ಕಲ್ಲುಕಂಬ, ತೊಲೆ ಜಂತೆಗಳ ಮೇಲೆ ಮಣ್ಣಿನ ಮಾಳಿಗೆ, ಮುಂಭಾಗಕ್ಕೆ ಮಾತ್ರ ಮಂಗಳೂರು ಹಂಚು. ಅಟ್ಟದಿಂದ ಕೂರಿಗೆ, ನೊಗ, ಕೊಳಗ, ಸೇರು, ಪಾವು ಇಳಿದವು. ಪಡಸಾಲೆಯ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ಹಗೇವು ಇತ್ತು. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಸೇರಿ ಇಳಿದವರ ಪ್ರಾಣ ತೆಗೆಯುವುದುಂಟು. ಆದುದರಿಂದ ಚಪ್ಪಡಿ ಸರಿಸಿ ಎರಡು ದಿನ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಟ್ಟು ನೋಡಿದೆವು. ಅಷ್ಟಾದರೂ ಯಾರನ್ನೂ ಇಳಿಸಲಿಲ್ಲ. ಮೇಲಿನಿಂದಲೇ ಮಣ್ಣು ಸುರಿಸಿ ತುಂಬಿಸಿದೆವು. ಹಳೆಯ ಮನೆ ಮಾರುವವರು ಈ ಕೆಲಸವನ್ನು ಕೊಳ್ಳುವವರ ತಲೆಗೆ ಬಿಡಬಾರದು.

ದೇವರಮನೆಯ ಮಗ್ಗುಲ ಗೋಡೆಯಲ್ಲಿ ಒಂದು ಬಿರುಕು ಇತ್ತು. ಸಿಮೆಂಟು ಮೆತ್ತಿ ಬಣ್ಣ ಬಳಿದರೆ ಯಾರಿಗೂ ತಿಳಿಯದೆಂದು ಗಾರೆಯವರು ಸೂಚಿಸಿದರು. ಮಣ್ಣಿನ ಗೋಡೆಗೆ ಸಿಮೆಂಟು ಹಿಡಿಯುವುದಿಲ್ಲ. ಒಳಗಿನ ತೇವ ಹೊರಗೆ ಬರಲಾಗದೆ ನಾಲ್ಕು ಮಳೆಗಾಲದಲ್ಲಿ ಪದರ ಸಹಿತ ಕಳಚಿ ಬೀಳುತ್ತದೆ. ಅದಕ್ಕಿಂತ ಮೊದಲೇ ನಮ್ಮ ಅತ್ತಿಗೆ ಅಡ್ಡ ಬಂದರು. "ಕೊಳ್ಳೋರೂ ಮಕ್ಕಳೊಂದಿಗರು. ಬಿರುಕು ಅವರ ಕಣ್ಣಿಗೂ ಬೀಳಲಿ" ಎಂದರು. ಸುಣ್ಣ ಮಾತ್ರ ಬಳಿಸಿದೆವು. ಬೆಂಗಳೂರಿನಿಂದ ಬಂದ ಹಳೆಯ ಮರದ ವ್ಯಾಪಾರಿಯೊಬ್ಬರು ತಲೆಬಾಗಿಲನ್ನು ಬಾಗಿಲುವಾಡದ ಸಹಿತ ಕಿತ್ತುಕೊಡಿರೆಂದು ದೊಡ್ಡ ಬೆಲೆಯನ್ನೇ ಹೇಳಿದರು. ಬಾಗಿಲಿಲ್ಲದ ಮನೆಯನ್ನು ಯಾರಿಗೆ ತೋರಿಸುವುದು? ಒಲ್ಲೆವೆಂದೆವು.

ಇಷ್ಟಾದ ಮೇಲೆ ಕಾಗದಪತ್ರಗಳನ್ನು ಹಿಡಿದು ಮಧುಗಿರಿಯ ವಕೀಲರಲ್ಲಿಗೆ ಹೋದೆವು. ಹಳ್ಳಿಯ ಗ್ರಾಮಠಾಣೆಯ ಮನೆಗೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬೇಕು, ಋಣಭಾರ ಪತ್ರ ಬೇಕು, ತಾತನ ಮರಣಪತ್ರ, ವಂಶವೃಕ್ಷ ಬೇಕು ಎಂದು ಅವರು ಬರೆದುಕೊಟ್ಟರು. ವಂಶವೃಕ್ಷದ ಹಾಳೆಯಲ್ಲಿ ನಮ್ಮ ತಂದೆಯ ಹೆಸರಿನ ಪಕ್ಕದಲ್ಲೇ ಮೂವರು ಅತ್ತೆಯಂದಿರ ಹೆಸರುಗಳನ್ನು ಬರೆಸಿದಾಗ, "ಅವರು ಮದುವೆಯಾಗಿ ಹೋದವರಲ್ಲವೇ?" ಎಂದು ನಾವು ಕೇಳಿದೆವು. ವಕೀಲರು ನಕ್ಕರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತನ್ನ ಎರಡನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿ ಹೇಳಿದೆ. ನಮ್ಮ ಮನೆಗಳಿಗೂ ಅದೇ ಕಾಯ್ದೆ. ತಾತ ಈ ಮನೆಯನ್ನು ಸ್ವಂತ ಸಂಪಾದನೆಯಿಂದ ಕಟ್ಟಿಸಿದವರು, ಉಯಿಲು ಬರೆಯದೆ ಹೋದವರು. ಅಂಥ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಆ ಕಾಯ್ದೆಯಿಂದಲೇ ಬಂದುದು, ಇಂದು ನಿನ್ನೆಯದಲ್ಲ. ಪಿತ್ರಾರ್ಜಿತ ಆಸ್ತಿಯ ಮಾತು ಬೇರೆ. ಅದರಲ್ಲಿ ಕರ್ನಾಟಕವು 1994ರಲ್ಲಿ ಮಾಡಿದ ತಿದ್ದುಪಡಿಯು ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕಾದುದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅತ್ತೆಯಂದಿರಿಗೆ ಅರಿಶಿನ ಕುಂಕುಮಕ್ಕೆಂದು ಒಂದೊಂದು ಸೀರೆ ಕೊಟ್ಟು ಸಹಿ ಪಡೆಯುವ ಎಣಿಕೆಯಲ್ಲಿದ್ದ ನಾವು ಸಪ್ಪೆ ಮೋರೆ ಹಾಕಿಕೊಂಡು ಹೊರಬಂದೆವು.

ಮೊದಲು ಕೊರಟಗೆರೆ. ಹಾದಿಯುದ್ದಕ್ಕೂ ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೆ ಹೊರಟವರ ವಾಹನಗಳು. ಹಿರಿಯತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಅವರ ಮಕ್ಕಳು ಊಟ ಬಡಿಸಿ, ಕೇಳಿದ ಕಾಗದಗಳನ್ನೆಲ್ಲ ಕೊಟ್ಟು ಕಳುಹಿಸಿದರು. ಪಾಲಿನ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಎತ್ತಬೇಕಾದವರು ನಾವು ಎಂಬುದು ಆಮೇಲೆ ಹೊಳೆಯಿತು.

ಶಿರಾದಲ್ಲಿ ಅಷ್ಟು ಸುಲಭವಾಗಲಿಲ್ಲ. ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು. 1696ರ ಜುಮ್ಮಾ ಮಸೀದಿ, ಮಲಿಕ್ ರಿಹಾನನ ಗೋರಿ, ಕೋಟೆಯ ಅವಶೇಷಗಳು ಇಂದಿಗೂ ಇವೆ. ಟಿಪ್ಪುವಿನ ಕಾಲದಲ್ಲಿ ಇಲ್ಲಿನ ಸಾವಿರಾರು ಕುಟುಂಬಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಒಯ್ದು ನೆಲೆಗೊಳಿಸಿದರೆಂದು ಗೆಜೆಟಿಯರುಗಳು ಹೇಳುತ್ತವೆ. ಅವರು ಬಿಟ್ಟುಹೋದ ಮನೆಗಳಿಗೆ ಕ್ರಯಪತ್ರವೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ನಮ್ಮ ಅತ್ತೆಯ ಮಗ ಮಾತ್ರ ಕೇಳುವವರೇ. ಕಾಫಿ ಲೋಟ ಕೆಳಗಿಡುವ ಮೊದಲೇ, "ನಾಲ್ಕರಲ್ಲಿ ಒಂದು ಪಾಲು ನಮ್ಮವ್ವನದು. ಬ್ಯಾಂಕಿಗೆ ಹಾಕಿ, ಆ ದಿನವೇ ಬಂದು ಸಹಿ ಹಾಕಿಸ್ತೀನಿ" ಎಂದುಬಿಟ್ಟರು. ಅತ್ತೆ ತಲೆ ಎತ್ತಲಿಲ್ಲ. ನಮಗೆ ಮುಖಕ್ಕೆ ಹೊಡೆದಂತಾಯಿತು.

ಮನಸ್ಸಿಗೆ ಸಮಾಧಾನವಿಲ್ಲದೆ ಅದೇ ತಾಲ್ಲೂಕಿನ ಕಗ್ಗಲಡುವಿಗೆ ಹೋದೆವು. ಊರ ನಡುವಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಸ್ಥಳ ಅದು. ಕೆಳಗೆ ಮನೆಗಳು, ಮೇಲೆ ಗೂಡುಗಳು; ಹಿಕ್ಕೆಯ ವಾಸನೆಯನ್ನೂ ಗದ್ದಲವನ್ನೂ ಸಹಿಸಿಕೊಂಡು ಊರವರು ಅವನ್ನು ಕಾಪಾಡುತ್ತಾರೆ. ಮರದಡಿ ನಿಂತಿದ್ದಾಗ ತಂಗಿ ಹೇಳಿದಳು: "ಅಣ್ಣಾ, ಅವರು ಕೇಳಿದ್ದು ನನಗೇನೂ ತಪ್ಪು ಅನ್ನಿಸಲಿಲ್ಲ. ಅಪ್ಪನ ಪಾಲಿನಲ್ಲಿ ನನಗೂ ಮೂರರಲ್ಲೊಂದು ಅಂತ ನೀವು ಮೊದಲೇ ಒಪ್ಪಿದ್ದೀರಿ. ಅತ್ತೆಗೆ ಮಾತ್ರ ಯಾಕೆ ಸೀರೆ?" ಉತ್ತರ ನಮ್ಮಲ್ಲಿರಲಿಲ್ಲ. ನಾಲ್ಕು ಸಮಪಾಲು ಎಂದು ಅಲ್ಲಿಯೇ ಇತ್ಯರ್ಥವಾಯಿತು. ಕೊರಟಗೆರೆಗೂ ಫೋನಿನಲ್ಲಿ ತಿಳಿಸಿದೆವು.

ಉಳಿದುದು ಪಾವಗಡ. ತುಮಕೂರು ಜಿಲ್ಲೆಗೆ ಸೇರಿದ್ದರೂ ಜಿಲ್ಲೆಗೆ ಅಂಟಿಕೊಳ್ಳದ ತಾಲ್ಲೂಕು ಅದು. ಮಧುಗಿರಿಯಿಂದ ಮಿಡಿಗೇಶಿಯ ಕೋಟೆಬೆಟ್ಟವನ್ನು ದಾಟಿ ಹೊರಟರೆ ನಡುವೆ ಆಂಧ್ರದ ನೆಲವನ್ನು ಹಾಯ್ದು ಮತ್ತೆ ಕರ್ನಾಟಕಕ್ಕೆ ಬರಬೇಕು. ಸಂತೆಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಮಳೆ ಕಡಿಮೆ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇಲ್ಲಿನ ತಿರುಮಣಿ ಸುತ್ತಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರವಿದ್ಯುತ್ ಪಾರ್ಕ್ ಇದೆ; ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿನ ವಿಶೇಷವೆಂದರೆ ರೈತರ ಭೂಮಿಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ದೀರ್ಘಾವಧಿಯ ಗುತ್ತಿಗೆಗೆ ಪಡೆದಿರುವುದು. ಕಿರಿಯತ್ತೆಯ ಹೊಲವೂ ಹಾಗೆ ಹೋಗಿದೆ. ಶೇಂಗಾ ಬೆಳೆಯುತ್ತಿದ್ದ ನೆಲದ ಮೇಲೆ ಕನ್ನಡಿಯಂತೆ ಹೊಳೆಯುವ ಫಲಕಗಳ ಸಾಲನ್ನು ಕಾರಿನಿಂದಲೇ ತೋರಿಸಿ, "ಬೇಲಿ ಅವರದು, ಪಹಣಿ ನಂದು" ಎಂದರು ಅತ್ತೆ.

ಎಂಬತ್ತು ದಾಟಿದ ಅವರಿಗೆ ನಮ್ಮ ನಾಲ್ಕು ಪಾಲಿನ ಲೆಕ್ಕ ಬೇಕಿರಲಿಲ್ಲ. ವಿಭೂತಿ ಧರಿಸಿ ಬಂದು ಎದುರಿಗೆ ಕುಳಿತು ಒಂದೇ ಪ್ರಶ್ನೆ ಕೇಳಿದರು: "ಹಿತ್ತಲೂ ಸೇರಿಸಿ ಮಾರ್ತಿದೀರಾ?"

ಹೌದೆಂದೆವು.

"ಮನೇನ ಮಾರ್ಕಳ್ರಪ್ಪಾ, ನಾನು ಬೇಡ ಅನ್ನಲ್ಲ. ಅವ್ವ ಅಪ್ಪ ಮಲಗಿರೋ ಜಾಗ ಮಾರೋಕೆ ನೀವ್ಯಾರು, ನಾನ್ಯಾರು?"

ಊರಂಚಿನ ಮನೆ ನಮ್ಮದು. ಹಿತ್ತಲಿನ ಈಶಾನ್ಯ ಮೂಲೆಯಲ್ಲಿ ಬಿಲ್ವದ ಮರದ ಕೆಳಗೆ ತಾತ, ಅಜ್ಜಿಯರ ಸಮಾಧಿಗಳಿವೆ. ಸುಣ್ಣ ಬಳಿಸುವಾಗ ಅವಕ್ಕೂ ಬಳಿಸಿದ್ದೆವು. ತಾತನ ಮರಣದ ತೇದಿ ಯಾರಿಗೂ ನೆನಪಿಲ್ಲದೆ, ಮರಣಪತ್ರದ ಅರ್ಜಿಗಾಗಿ ಆ ಕಲ್ಲಿನ ಮೇಲೆ ಕೆತ್ತಿದ್ದುದನ್ನೇ ನೋಡಿ ಬರೆದುಕೊಂಡಿದ್ದೆವು. ಅಷ್ಟಾದರೂ ಅದು ಮಾರಾಟದ ಅಳತೆಯೊಳಗೆ ಸೇರಿಹೋಗಿದೆ ಎಂಬುದು ಹೊಳೆದಿರಲಿಲ್ಲ. ನಮ್ಮ ಸಮಾಜದಲ್ಲಿ ಹೊಲ, ತೋಟ, ಹಿತ್ತಲುಗಳಲ್ಲಿ ಹಿರಿಯರನ್ನು ಸಮಾಧಿ ಮಾಡಿದ ಮನೆಗಳು ಎಷ್ಟೋ ಇವೆ. ಓದುಗರಲ್ಲಿಯೂ ಹಲವರಿಗೆ ಈ ಸಂಗತಿ ಎದುರಾಗಬಹುದು. ಕ್ರಯಪತ್ರಕ್ಕೆ ಸಹಿ ಬಿದ್ದ ಮೇಲೆ ಬಾಯಿಮಾತಿನ ಭರವಸೆ ಕೊಂಡವರ ಮಕ್ಕಳ ಕಾಲಕ್ಕೆ ಉಳಿಯುವುದಿಲ್ಲ.

ಹಿಂದಿರುಗಿ ಬಂದು ಕೊಳ್ಳುವವರೊಡನೆ ಮಾತನಾಡಿದೆವು. ಬೆಲೆಯಲ್ಲಿ ಸ್ವಲ್ಪ ಇಳಿಸಬೇಕಾಯಿತು. ಇ-ಸ್ವತ್ತಿನ ನಕ್ಷೆಗಾಗಿ ಭೂಮಾಪಕರು ಅಳತೆಗೆ ಬಂದ ದಿನ ಆ ಮೂಲೆಯನ್ನು ಹೊರಗಿಟ್ಟು ಅಳೆಯಿಸಿ, ನಾಲ್ಕು ಕಲ್ಲು ನೆಡಿಸಿದೆವು. ಕ್ರಯಪತ್ರದಲ್ಲಿ ಅದಕ್ಕೆ ತಕ್ಕ ಚಕ್ಕುಬಂದಿ ಬರೆಸಿ, ಬೀದಿಯಿಂದ ಸಮಾಧಿಯವರೆಗೆ ಆರು ಅಡಿ ಅಗಲದ ಓಡಾಟದ ಹಕ್ಕನ್ನು ಮಾರುವವರ ವಾರಸುದಾರರಿಗೆಲ್ಲ ಉಳಿಸಿದೆವು. ಕೊಳ್ಳುವವರು ಕೇಳಿದ್ದು ಒಂದೇ: ದಾರಿಗೆ ಬೇಲಿ ಹಾಕಬಾರದು, ತಮ್ಮ ದನ ಹೊಡೆದುಕೊಂಡು ಹೋಗಲು ಬೇಕು. ನ್ಯಾಯವೇ.

2023ರಿಂದ ಕರಡು ಪತ್ರವನ್ನು 'ಕಾವೇರಿ' ತಂತ್ರಾಂಶಕ್ಕೆ ಮೊದಲೇ ಸೇರಿಸಿ, ಪರಿಶೀಲನೆಯಾದ ಮೇಲೆ ಗೊತ್ತಾದ ದಿನ ನೋಂದಣಿಗೆ ಹೋಗುವ ಪದ್ಧತಿ ಬಂದಿದೆ. ಬರಲಾರದಷ್ಟು ಅಶಕ್ತರಿದ್ದರೆ ನೋಂದಣಾಧಿಕಾರಿಯೇ ಮನೆಗೆ ಬಂದು ವಿಚಾರಿಸುವ ಅವಕಾಶ 1908ರ ನೋಂದಣಿ ಕಾಯ್ದೆಯಲ್ಲಿದೆಯೆಂದು ಕಿರಿಯತ್ತೆಗೆ ಹೇಳಿ ನೋಡಿದೆವು. ಅವರು ಒಪ್ಪಲಿಲ್ಲ; ಬೆಳಗಿನ ಬಸ್ಸಿಗೇ ಮಧುಗಿರಿಗೆ ಬಂದಿಳಿದರು. ಶಿರಾದ ಅತ್ತೆಯೂ ಮಗನೊಡನೆ ಬಂದರು. ಅಕ್ಕತಂಗಿಯರು ಕಚೇರಿಯ ಬೆಂಚಿನ ಮೇಲೆ ಕೈ ಹಿಡಿದು ಕುಳಿತು, ಕರೆದಾಗ ಎದ್ದುಹೋಗಿ ಭಾವಚಿತ್ರಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ಸಂಜೆ ಎಲ್ಲರೂ ಊರಿಗೆ ಹೋದೆವು. ಅತ್ತೆಯಂದಿರು ಸಮಾಧಿಗೆ ಪತ್ರೆ ಏರಿಸಿ, ನೆಟ್ಟ ನಾಲ್ಕು ಕಲ್ಲುಗಳನ್ನೂ ಮುಟ್ಟಿ ನೋಡಿದರು. ಬೀಗದ ಕೈ ಕೊಡುವ ಹೊತ್ತಿಗೆ ಕಿರಿಯತ್ತೆ ಕೊಂಡವರ ಸೊಸೆಯನ್ನು ಕರೆದುಕೊಂಡು ಒಳಗೆ ಹೋದರು. "ನೋಡವ್ವಾ, ಮುಂಗಾರು ಜೋರಾದ್ರೆ ಮೊದಲು ಸೋರೋದು ಇಲ್ಲಿ, ದೇವರಮನೆ ಮೂಲೇಲಿ. ಮಾಳಿಗೆ ಮೇಲೆ ಎರಡು ಬುಟ್ಟಿ ಚೌಳುಮಣ್ಣು ಹಾಕಿಸು. ಅಲ್ಲೀವರೆಗೆ ಇಲ್ಲೊಂದು ಬೋಗುಣಿ ಇಡು" ಎಂದು ಹೇಳುತ್ತಿದ್ದುದು ಪಡಸಾಲೆಯಲ್ಲಿ ನಿಂತಿದ್ದ ನಮಗೆ ಕೇಳಿಸಿತು.